ಅಪ್ಪ ಮಲಗಿದ್ದ ವರ್ಷ ರೇಸ್ ಹೇಗೆ ನೋಡ್ತಿದ್ದೆ ಅಂತ ಕೇಳುವವರಿಗೆ

ಮದುವೆಮನೆಯಲ್ಲಿ ಕೇಳ್ತಾರೆ, ಆಫೀಸಲ್ಲಿ ಊಟದ ಹೊತ್ತಿಗೆ ಕೇಳ್ತಾರೆ, ಮೊನ್ನೆ ಉಡುಪಿ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ ಹಳೇ ಕ್ಲಾಸ್‌ಮೇಟ್ ಕೂಡ ಅದನ್ನೇ ಕೇಳಿದ್ಲು. "ಅಲ್ಲ ಮಾರಾಯ್ತಿ, ನಿನ್ನ ಅಪ್ಪ ಸ್ಟ್ರೋಕ್ ಆಗಿ ಮಲಗಿದ್ದ ವರ್ಷ ನೀನು ಒಂದೂ ಬಿಡದೆ ಕಾರ್ ರೇಸ್ ನೋಡ್ತಿದ್ದಿಯಂತೆ, ಅದು ಹೇಗೆ ಮನಸ್ಸು ಬಂತು ನಿಂಗೆ?"

ಕಾರ್ ರೇಸ್ ಅಂದ್ರೆ ಫಾರ್ಮುಲಾ ಒನ್. ಒಂದೂ ಬಿಡದೆ ಅಲ್ಲ, ಒಂದು ಬಿಟ್ಟಿದ್ದೆ, ಅದು ಯಾಕೆ ಅಂತ ಆಮೇಲೆ ಹೇಳ್ತೇನೆ. ಹೀಗೆ ಕೇಳುವವರಲ್ಲಿ ಕೆಲವರ ಮಾತಲ್ಲಿ ಸ್ವಲ್ಪ ಬೈಗುಳವೂ ಸೇರಿರ್ತದೆ, ಇನ್ನು ಕೆಲವರು ತಮ್ಮ ಮನೆಯಲ್ಲೂ ಯಾರೋ ಹಾಗೇ ಮಲಗಿದ್ದಾರೆ ಅಂತ ನಿಜವಾಗ್ಲೂ ತಿಳ್ಕೊಳ್ಳಿಕ್ಕೆ ಕೇಳ್ತಾರೆ. ಇಬ್ಬರಿಗೂ ನಾನು ಇಷ್ಟು ದಿನ "ಹಾಗೇ, ಟೈಮ್ ಪಾಸಿಗೆ" ಅಂತ ಹೇಳಿ ತಪ್ಪಿಸ್ಕೊಳ್ತಿದ್ದೆ. ಅದು ಸುಳ್ಳು. ನಿಂತ ನಿಲುವಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಅದು, ಹಾಗಾಗಿ ಇಲ್ಲಿ ಬರೀತಿದ್ದೇನೆ.

ಅಪ್ಪ ಬಸ್ ಡ್ರೈವರ್ ಆಗಿದ್ರು. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್, ದಿನಕ್ಕೆ ಆರು ಟ್ರಿಪ್, ಅಂದ್ರೆ ದಿನಕ್ಕೆ 300 ಕಿಲೋಮೀಟರಿನ ಮೇಲೆ. ನಮ್ಮ ಕಡೆಯ ಪ್ರೈವೇಟ್ ಬಸ್ಸಿನ ಟೈಮಿಂಗ್ ಎಂತದ್ದು ಅಂತ ಇಲ್ಲಿಯವರಿಗೆ ಹೇಳುವ ಅಗತ್ಯ ಇಲ್ಲ, ಹೊರಗಿನವರಿಗೆ ಮಾತ್ರ ಹೇಳ್ತೇನೆ, ಒಂದು ಬಸ್ಸಿನ ಹಿಂದೆ ನಾಲ್ಕೈದು ನಿಮಿಷದಲ್ಲಿ ಇನ್ನೊಂದು ಬಸ್ಸು ಇರ್ತದೆ, ಸ್ಟ್ಯಾಂಡಲ್ಲಿ ಒಂದು ನಿಮಿಷ ಜಾಸ್ತಿ ನಿಂತ್ರೆ ಹಿಂದಿನವನು ಹಾರ್ನ್ ಹಾಕ್ತಾನೆ, ಟೈಮ್ ಕೀಪರ್ ಬಂದು ಬಸ್ಸಿನ ಮೈಗೆ ಬಡೀತಾನೆ. ಅಪ್ಪ ವಾಚ್ ನೋಡದೆ ಟೈಮ್ ಹೇಳ್ತಿದ್ರು. ಕಾಪು ದಾಟಿತು ಅಂದ್ರೆ ಇಷ್ಟು ಗಂಟೆ, ಮುಲ್ಕಿ ಬಂತು ಅಂದ್ರೆ ಇಷ್ಟು. ಅಷ್ಟು ಲೆಕ್ಕದ ಮನುಷ್ಯ.

ನಂಗೆ ರೇಸ್ ಹುಚ್ಚು ಹತ್ತಿದ್ದು 2011ರಲ್ಲಿ, ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಲ್ಲಿ ಮೊದಲ ಇಂಡಿಯನ್ ಗ್ರಾಂಡ್ ಪ್ರಿ ಆಗಿ ವೆಟೆಲ್ ಗೆದ್ದಾಗ. ಆವತ್ತು ಅಪ್ಪನಿಗೆ ರಜೆ ಇತ್ತು, ನನ್ನ ಪಕ್ಕ ಕೂತು ಸ್ವಲ್ಪ ಹೊತ್ತು ನೋಡಿ "ಹತ್ತಿಸ್ಲಿಕ್ಕೂ ಜನ ಇಲ್ಲ, ಇಳಿಸ್ಲಿಕ್ಕೂ ಜನ ಇಲ್ಲ, ಇದೆಂತ ಟ್ರಿಪ್" ಅಂತ ಹೇಳಿ ಎದ್ದು ಹೋಗಿದ್ರು. ಒಂದು ರೇಸಿನ ದೂರ ಹತ್ರ ಹತ್ರ 305 ಕಿಲೋಮೀಟರ್ ಅಂತ ನಾನು ಹೇಳಿದ್ದಕ್ಕೆ ಮಾತ್ರ ತಿರುಗಿ ನೋಡಿದ್ರು. ಅದು ಅವರ ಒಂದು ದಿನದ ಕೆಲಸ ಅಲ್ವಾ.

2021ರ ಮಾರ್ಚಲ್ಲಿ ಒಂದು ಬೆಳಗ್ಗೆ ಅಪ್ಪ ಏಳಲಿಲ್ಲ. ಕಣ್ಣು ಬಿಟ್ಟಿದ್ರು, ಬಲಗೈ ಬಲಗಾಲು ಇಲ್ಲ, ಮಾತೂ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು "ಎಷ್ಟು ಗಂಟೆಗೆ ಶುರುವಾಯ್ತು?" ಅಂತ. ಕ್ಲಾಟ್ ಕರಗಿಸುವ ಇಂಜೆಕ್ಷನ್ ಕೊಡ್ಬೇಕಿದ್ರೆ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡ್ಬೇಕಂತೆ, ಅದರ ಮೇಲೆ ಹೋದ್ರೆ ಮಿದುಳಲ್ಲಿ ರಕ್ತ ಸೋರುವ ಅಪಾಯ. ನಮಗೆ ಗೊತ್ತಿರಲಿಲ್ಲ. ರಾತ್ರಿ ಹತ್ತಕ್ಕೆ ಚೆನ್ನಾಗಿದ್ದವರು ಬೆಳಗ್ಗೆ ಆರಕ್ಕೆ ಹೀಗಿದ್ರು, ನಡುವೆ ಯಾವಾಗ ಅಂತ ಯಾರು ಹೇಳುದು. ಇಂಜೆಕ್ಷನ್ ಕೊಡ್ಲಿಕ್ಕೆ ಆಗ್ಲಿಲ್ಲ. ಜೀವನವಿಡೀ ನಿಮಿಷ ಲೆಕ್ಕ ಹಾಕಿದ ಮನುಷ್ಯನಿಗೆ ಬೇಕಾದ ಆ ಒಂದು ಟೈಮ್ ಯಾರ ಹತ್ರವೂ ಇರ್ಲಿಲ್ಲ ಅನ್ನುದು ನಂಗೆ ಇವತ್ತಿಗೂ ನುಂಗ್ಲಿಕ್ಕೆ ಆಗುದಿಲ್ಲ.

ಮಾರ್ಚ್ 28ಕ್ಕೆ ಬಹರೇನ್ ರೇಸ್, ಸೀಸನ್ನಿನ ಮೊದಲನೇದು, ನಮ್ಮ ಟೈಮ್ ರಾತ್ರಿ 8.30. ಅಣ್ಣ ಇರುದೂ ಬಹರೇನಲ್ಲೇ. ಕೊರೊನಾ ನಿಯಮದಲ್ಲಿ ಬಂದ್ರೆ ವಾಪಸ್ ಹೋಗ್ಲಿಕ್ಕೆ ಆಗ್ತದಾ, ಕೆಲಸ ಉಳೀತದಾ ಅಂತ ಒದ್ದಾಡ್ತಿದ್ದ. ವಾರ್ಡಲ್ಲಿ ಒಬ್ಬರಿಗೆ ಮಾತ್ರ ನಿಲ್ಲಿಕ್ಕೆ ಬಿಡ್ತಿದ್ರು, ಆ ರಾತ್ರಿ ನನ್ನ ಸರದಿ. ಅಪ್ಪ ಮಲಗಿದ್ರು, ಮೂಗಲ್ಲಿ ಟ್ಯೂಬು. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಇನ್ನೊಂದು ಕಿವಿ ಅಪ್ಪನ ಉಸಿರಿಗೆ ಬಿಟ್ಟು ಮೊಬೈಲಲ್ಲಿ ನೋಡಿದೆ. ಆ ವರ್ಷ ಪೈಪೋಟಿ ಇದ್ದದ್ದು ಹ್ಯಾಮಿಲ್ಟನ್, ವರ್ಸ್ಟಾಪನ್ ಅನ್ನುವ ಇಬ್ಬರು ಡ್ರೈವರ್‌ಗಳ ನಡುವೆ. ಹ್ಯಾಮಿಲ್ಟನ್ ಮೊದಲೇ ಪಿಟ್ಟಿಗೆ, ಅಂದ್ರೆ ಟ್ರ್ಯಾಕ್ ಬದಿಯಲ್ಲಿ ಟೈರ್ ಬದಲಿಸುವ ಜಾಗಕ್ಕೆ, ಹೋಗಿ ಟೈರ್ ಹಾಕಿಸ್ಕೊಂಡು ಮುಂದೆ ಬಂದ, ವರ್ಸ್ಟಾಪನ್ ಆಮೇಲೆ ಹೊಸ ಟೈರಲ್ಲಿ ಲ್ಯಾಪಿಗೆ, ಅಂದ್ರೆ ಸುತ್ತಿಗೆ, ಇಷ್ಟಿಷ್ಟು ಅಂತ ಹತ್ರ ಬಂದ, ಕೊನೆಗೆ ಹಿಂದೆ ಹಾಕಿಯೂ ಬಿಟ್ಟ, ಆದ್ರೆ ಟ್ರ್ಯಾಕಿನ ಹೊರಗೆ ಹೋಗಿ ಹಾಕಿದ್ದು ಅಂತ ಜಾಗ ವಾಪಸ್ ಕೊಡ್ಬೇಕಾಯ್ತು, 56 ಲ್ಯಾಪ್ ಆದ ಮೇಲೆ ಇಬ್ಬರ ನಡುವೆ ಇದ್ದದ್ದು 0.745 ಸೆಕೆಂಡ್. ರೇಸ್ ಮುಗೀತು. ನಂಗೆ ಆವತ್ತು ತಟ್ಟಿದ್ದು ಅದೇ, ಮುಗೀತು ಅನ್ನುದು. ಆ ಹದಿನೈದು ದಿನದಲ್ಲಿ ನನ್ನ ಬದುಕಲ್ಲಿ ಬೇರೆ ಯಾವುದೂ ಮುಗಿದಿರಲಿಲ್ಲ.

ಆಸ್ಪತ್ರೆಯಲ್ಲಿ ಎಂತ ಕೇಳಿದ್ರೂ ಬರುವ ಉತ್ತರ "ನೋಡುವ". ಯಾವಾಗ ಟ್ಯೂಬ್ ತೆಗೀತಾರೆ, ನೋಡುವ. ಮಾತು ಬರ್ತದಾ, ನೋಡುವ. ನಡೀತಾರಾ, ಮೂರು ತಿಂಗಳು ಹೋಗ್ಲಿ, ನೋಡುವ. ಅವರನ್ನು ದೂರುದಲ್ಲ, ಅವರಿಗೂ ಗೊತ್ತಿರುದಿಲ್ಲ, ಮಿದುಳಿನ ವಿಷಯ ಹಾಗೇ. ಆದ್ರೆ ಕೇಳುವವರಿಗೆ ಯಾವ ತಾರೀಕೂ ಇಲ್ಲದೆ ದಿನ ದೂಡುದು ಭಾರೀ ಕಷ್ಟ ಮಾರ್ರೆ. ರೇಸಿಗೆ ತಾರೀಕು ಇತ್ತು. ಏಪ್ರಿಲ್ 18 ಇಮೋಲಾ, ಮೇ 2 ಪೋರ್ಚುಗಲ್, ಮೇ 9 ಸ್ಪೇನ್, ಮೇ 23 ಮೊನಾಕೊ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಲ್ಲಿ ನಾನು ಅದನ್ನೂ ಬರೆದೆ. ಯೂರೋಪಿನ ಹೆಚ್ಚಿನ ರೇಸ್ ನಮಗೆ ಸಂಜೆ 6.30, ದೀಪ ಹಚ್ಚುವ ಹೊತ್ತು. ಒಂದು ರೇಸಿನಿಂದ ಇನ್ನೊಂದು ರೇಸಿಗೆ ಒಂದೆರಡು ವಾರ, ಅಷ್ಟು ದೂರಕ್ಕೆ ಮಾತ್ರ ಯೋಚನೆ ಮಾಡು ಅಂತ ನಂಗೆ ನಾನೇ ಹೇಳ್ಕೊಂಡೆ. ಹೀಗೆ ಶುರುವಾದದ್ದು.

ಅಪ್ಪನನ್ನು ಮನೆಗೆ ಕರ್ಕೊಂಡು ಬಂದ ಸ್ವಲ್ಪ ದಿನಕ್ಕೇ ಲಾಕ್‌ಡೌನ್ ಆಯ್ತು, ಫಿಸಿಯೋದವರು ಬರುದು ನಿಂತಿತು. ಸ್ಪೀಚ್ ಥೆರಪಿ ವಿಡಿಯೋ ಕಾಲಲ್ಲಿ. ಆ ಮೇಡಂ ಒಂದು ಸಂಗತಿ ಹೇಳಿದ್ರು, ಅದು ನಂಗೆ ಹೊಸತು. ಹೀಗೆ ಮಾತು ಹೋದವರಿಗೆ ತಾವಾಗಿ ಒಂದು ವಾಕ್ಯ ಕಟ್ಟಿ ಹೇಳುದು ಕಷ್ಟ, ಆದ್ರೆ ಬಾಯಿಗೆ ರೂಢಿಯಾದದ್ದು, ಅಂದ್ರೆ ಒಂದು ಎರಡು ಅಂತ ಎಣಿಸುದು, ವಾರದ ಹೆಸರು, ಭಜನೆಯ ಸಾಲು, ಇಂಥದ್ದು ಎಷ್ಟೋ ಸಲ ಉಳ್ಕೊಂಡಿರ್ತದಂತೆ. ಮೊದಲಿಂದ ಆಡುವ ಭಾಷೆಯಲ್ಲೇ ಎಣಿಸ್ಲಿ ಅಂದ್ರು. ನಮ್ಮ ಮನೆಮಾತು ತುಳು. ಅಮ್ಮ ಬೆಳಗ್ಗೆ ಸಂಜೆ ಎದುರು ಕೂತು ಒಂಜಿ, ರಡ್ಡ್, ಮೂಜಿ ಅಂತ ಹೇಳ್ತಿದ್ರು, ಅಪ್ಪ ಅಮ್ಮನ ಬಾಯಿ ನೋಡ್ತಿದ್ರು, ಎಂತದೋ ಒಂದು ಸ್ವರ ಬರ್ತಿತ್ತು, ಆಮೇಲೆ ಸಿಟ್ಟು ಬಂದು ಮುಖ ಗೋಡೆ ಕಡೆ ತಿರುಗಿಸ್ತಿದ್ರು.

ಮೊನಾಕೊ ರೇಸಿನ ದಿನ ಮಂಚವನ್ನು ಟಿವಿ ಕಾಣುವ ಹಾಗೆ ತಿರುಗಿಸಿದ್ದೆವು, ರೇಸಿಗೆ ಅಂತ ಅಲ್ಲ, ತೌಕ್ತೆ ಚಂಡಮಾರುತದ ಮಳೆಗೆ ಆ ಕಡೆಯ ಗೋಡೆ ಒದ್ದೆಯಾಗಿತ್ತು, ಅದಕ್ಕೆ. ರೇಸ್ ಶುರುವಾಗುವಾಗ ಐದು ಕೆಂಪು ದೀಪ ಒಂದೊಂದಾಗಿ ಹತ್ತುತ್ತವೆ, ಒಂದೊಂದು ಸೆಕೆಂಡಿಗೆ ಒಂದು. ಐದೂ ಹತ್ತಿ ಸ್ವಲ್ಪ ಹೊತ್ತು ನಿಲ್ತವೆ, ಎಷ್ಟು ಹೊತ್ತು ಅಂತ ಡ್ರೈವರಿಗೆ ಮೊದಲೇ ಗೊತ್ತಾಗದ ಹಾಗೆ ಪ್ರತಿ ಸಲ ಬೇರೆ ಬೇರೆ, ಮತ್ತೆ ಐದೂ ಒಟ್ಟಿಗೆ ಆರಿದ್ರೆ ಹೊರಡುದು. ನಾನು ಸುಮ್ಮನೆ ನೋಡ್ತಾ ಇದ್ದೆ, ಹಿಂದಿನಿಂದ ಸ್ವರ ಬಂತು. ಒಂಜಿ. ರಡ್ಡ್. ಮೂಜಿ. ನಾಲ್. ಐನ್. ನಾಲ್ಕು ಸ್ವಲ್ಪ ತೊದಲಿತು, ಐದು ಸರಿಯಾಗಿ ಬಂತು. ಅಮ್ಮ ಅಡಿಗೆಮನೆಯಿಂದ ಸೌಟು ಹಿಡ್ಕೊಂಡೇ ಓಡಿ ಬಂದ್ರು. ಆ ರೇಸಲ್ಲಿ ಪೋಲ್, ಅಂದ್ರೆ ಎಲ್ಲರಿಗಿಂತ ಮುಂದೆ ಹೊರಡುವ ಜಾಗ, ತಗೊಂಡಿದ್ದ ಲೆಕ್ಲೇರಿಗೆ ತನ್ನ ಊರಲ್ಲೇ ಕಾರು ಕೆಟ್ಟು ಹೊರಡ್ಲಿಕ್ಕೇ ಆಗಿರ್ಲಿಲ್ಲ, ಅದಕ್ಕೆ ಬೇಜಾರು ಮಾಡ್ಕೊಂಡಿದ್ದವಳು ನಾನು ಅದನ್ನು ಪೂರ್ತಿ ಮರ್ತೇ ಬಿಟ್ಟೆ. ಮೊನಾಕೊ 78 ಲ್ಯಾಪ್, ಹಿಂದೆ ಹಾಕ್ಲಿಕ್ಕೆ ಜಾಗ ಇಲ್ಲದ ರಸ್ತೆ, ಬೋರಿಂಗ್ ಅಂತ ಎಲ್ಲರೂ ಬೈತಾರೆ, ನಂಗೆ ಮಾತ್ರ ಅದು ನಾನು ನೋಡಿದ ರೇಸಲ್ಲೆಲ್ಲ ಒಳ್ಳೆ ರೇಸ್.

ಆಮೇಲೆ ಅದೇ ಅಭ್ಯಾಸ. ಅಪ್ಪನಿಗೆ ಡ್ರೈವರ್‌ಗಳ ಹೆಸರು ಹಿಡೀಲಿಲ್ಲ, ಕಾರಿನ ನಂಬರ್ ಹಿಡೀತು, ಬಸ್ಸಿನ ನಂಬರ್ ನೋಡಿ ನೋಡಿ ಅಭ್ಯಾಸ ಆದ ಕಣ್ಣು. ನಾನು ಹ್ಯಾಮಿಲ್ಟನ್ ಕಡೆ, 44. ಅಪ್ಪ ವರ್ಸ್ಟಾಪನ್ ಕಡೆ, 33. ಎಡಗೈಯಲ್ಲಿ ಮೂರು ಬೆರಳು ಎರಡು ಸಲ ತೋರಿಸ್ತಿದ್ರು. ಯಾಕೆ ಅವನೇ ಅಂತ ಹೇಳ್ಲಿಕ್ಕೆ ಮಾತಿರ್ಲಿಲ್ಲ. ಜಗ್ಗದೆ ನುಗ್ಗುವವನು ಅಂತ ಇರ್ಬೇಕು. ಅಪ್ಪ ಬಸ್ಸಲ್ಲಿ ಹಾಗೆ ಮಾಡಿದವರಲ್ಲ, ಟೈಮ್ ಉಳಿಸುದು ರೋಡಲ್ಲಿ ಅಲ್ಲ ಸ್ಟ್ಯಾಂಡಲ್ಲಿ ಅನ್ನುವವರು ಅವರು. ಪಡುಬಿದ್ರಿಯಲ್ಲಿ ಎದುರಿನ ಬಸ್ಸು ಜನ ಹತ್ತಿಸ್ಕೊಳ್ತಾ ಇರುವಾಗ ಬೇಗ ಹೊರಟು ಮುಂದೆ ಹೋಗ್ಬೇಕು, ರೋಡಲ್ಲಿ ಜೀವ ಪಣಕ್ಕಿಡಬಾರ್ದು ಅಂತ ಕಂಡಕ್ಟರಿಗೆ ಹೇಳ್ತಿದ್ದದ್ದು ನಂಗೆ ನೆನಪುಂಟು. ರೇಸಲ್ಲಿ ಅಂಡರ್‌ಕಟ್ ಅಂದ್ರೂ ಹೆಚ್ಚು ಕಡಿಮೆ ಅದೇ, ಎದುರಿನವನಿಗಿಂತ ಮೊದಲು ಪಿಟ್ಟಿಗೆ ಹೋಗಿ ಹೊಸ ಟೈರ್ ಹಾಕಿಸ್ಕೊಂಡು, ಅವನು ಹಳೇ ಟೈರಲ್ಲಿ ಎಳೀತಾ ಇರುವಾಗ ಟೈಮ್ ಉಳಿಸಿ, ಅವನು ಪಿಟ್ಟಿಂದ ಹೊರಗೆ ಬರುವಾಗ ನೀನು ಮುಂದೆ ಇರುದು. ಅಣ್ಣನಿಗೆ ಫೋನಲ್ಲಿ ಹೀಗೆ ವಿವರಿಸಿದ ಮೇಲೆ ರೇಸ್ ಅಂದ್ರೆ ಎಂತ ಅಂತ ಗೊತ್ತಿಲ್ಲದವನೂ ನೋಡ್ಲಿಕ್ಕೆ ಶುರು ಮಾಡಿದ. ಅಲ್ಲಿವರೆಗೆ ಅವನ ಫೋನ್ ಬಂದ್ರೆ ಇಬ್ಬರೂ ಅಳುದು ಮಾತ್ರ, ಇಲ್ಲಾಂದ್ರೆ ದುಡ್ಡಿನ ಮಾತು.

ರೇಡಿಯೋದಿಂದ ಇನ್ನೊಂದು ಕಲ್ತೆ. ರೇಸಲ್ಲಿ ಎಂಜಿನಿಯರ್ ಡ್ರೈವರಿಗೆ ಹೇಳುವ ಮಾತು ಕೇಳಿ ನೋಡಿ, ಮೊದಲು ನಂಬರ್, ಆಮೇಲೆ ಬೇಕಾದ್ರೆ ಧೈರ್ಯ. ಮುಂದಿನವನಿಗೆ ಇಷ್ಟು ಸೆಕೆಂಡ್, ಉಳಿದ ಲ್ಯಾಪ್ ಇಷ್ಟು. ಅಣ್ಣನಿಗೆ ನಾನು ಹಾಗೇ ಹೇಳ್ಲಿಕ್ಕೆ ಶುರು ಮಾಡಿದೆ. ಬಿಪಿ ಇಷ್ಟು, ಇವತ್ತು ಇಷ್ಟು ನಿಮಿಷ ಕೂತಿದ್ರು, ಹನ್ನೊಂದರವರೆಗೆ ಎಣಿಸಿದ್ರು. "ಅಪ್ಪ ಹೇಗಿದ್ದಾರೆ" ಅನ್ನುವ ಪ್ರಶ್ನೆಗೆ ಉತ್ತರ ಇರ್ಲಿಲ್ಲ, "ಎಷ್ಟು" ಅಂದ್ರೆ ಇತ್ತು. ಅಪ್ಪನನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸ್ಬೇಕಿತ್ತು, ಇಲ್ಲದಿದ್ರೆ ಬೆನ್ನು ಹುಣ್ಣಾಗ್ತದೆ. ನಾನೂ ಅಮ್ಮನೂ ಮೊದಮೊದಲು ಒಟ್ರಾಶಿ ಎಳೆದು, ಅವಳು ಆ ಕಡೆ ನಾನು ಈ ಕಡೆ, ಅಪ್ಪನಿಗೂ ನೋವು, ನಮಗೂ ಜಗಳ. ಪಿಟ್‌ಸ್ಟಾಪಲ್ಲಿ ಸುಮಾರು ಇಪ್ಪತ್ತು ಜನ ಕಾರಿಗೆ ಕೈ ಹಾಕ್ತಾರೆ, ಎರಡೂವರೆ ಸೆಕೆಂಡಲ್ಲಿ ನಾಲ್ಕು ಟೈರ್ ಬದಲು, 2019ರಲ್ಲಿ ಬ್ರೆಜಿಲಲ್ಲಿ ರೆಡ್ ಬುಲ್‌ನವರು 1.82 ಸೆಕೆಂಡಲ್ಲಿ ಮಾಡಿದ್ದುಂಟು. ಅಲ್ಲಿ ಯಾರೂ ಬೊಬ್ಬೆ ಹೊಡೆಯುದಿಲ್ಲ, ಒಬ್ಬನಿಗೆ ಒಂದೇ ಕೆಲಸ. ನಾವೂ ಹಾಗೆ ಪಾಲು ಮಾಡ್ಕೊಂಡೆವು, ಭುಜ ನಂದು, ಸೊಂಟ ಅಮ್ಮಂದು, ದಿಂಬು ನಂದು, ಮಾತಿಲ್ಲ. ಇದನ್ನು ಓದುವವರಲ್ಲಿ ಯಾರಿಗಾದ್ರೂ ಮನೆಯಲ್ಲಿ ಇದೇ ಕೆಲಸ ಇದ್ರೆ ಹಾಗೆ ಮಾಡಿ ನೋಡಿ, ಬೆನ್ನು ಉಳೀತದೆ.

ಆ ದಿನಗಳಲ್ಲಿ ನಂಗೆ ವಾಟ್ಸಾಪಲ್ಲಿ ಸ್ಫೂರ್ತಿಯ ಕಥೆ ಕಳಿಸಿದವರು ತುಂಬ ಜನ. ರೇಸ್ ನೋಡ್ತೇನೆ ಅಂತ ಗೊತ್ತಿದ್ದವರು ನಿಕಿ ಲೌಡಾನ ಕಥೆ ಕಳಿಸಿದ್ರು. 1976 ಆಗಸ್ಟ್ 1ಕ್ಕೆ ನೂರ್‌ಬರ್ಗ್‌ರಿಂಗಲ್ಲಿ ಕಾರಿಗೆ ಬೆಂಕಿ ಬಿದ್ದು ಮುಖ ಶ್ವಾಸಕೋಶ ಎಲ್ಲ ಸುಟ್ಟವನು, 42 ದಿನಕ್ಕೆ ಮೊಂಜಾದಲ್ಲಿ ವಾಪಸ್ ಕಾರು ಹತ್ತಿ ನಾಲ್ಕನೇ ಬಂದ. ದೊಡ್ಡ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಕಥೆ ನಂಗೆ ಆಗ ಸಮಾಧಾನ ಕೊಡ್ಲಿಲ್ಲ, ಒಳಗೆ ಉರಿಯುವ ಹಾಗೆ ಮಾಡಿತು. ಅಪ್ಪನಿಗೆ 42 ದಿನ ಆದಾಗ ಚಮಚ ಹಿಡೀಲಿಕ್ಕೂ ಆಗ್ತಿರ್ಲಿಲ್ಲ. ಮನಸ್ಸು ಗಟ್ಟಿ ಇದ್ರೆ ಎದ್ದು ಬರ್ತಾರೆ ಅಂತ ಹೇಳುದು ಎದ್ದು ಬರ್ಲಿಕ್ಕೆ ಆಗದವರ ಮೇಲೆ ತಪ್ಪು ಹೊರಿಸಿದ ಹಾಗೆ. ನಂಗೆ ಬೇಕಾಗಿದ್ದದ್ದು ಗೆದ್ದು ಬಂದವರ ಕಥೆ ಅಲ್ಲ, 6.30ಕ್ಕೆ ಶುರುವಾಗಿ ಎಂಟು ಗಂಟೆ ಚಿಲ್ಲರೆಗೆ ಮುಗಿಯುವ ಒಂದು ಸಂಗತಿ, ಅದರಲ್ಲಿ ಎಂತ ಆದ್ರೂ ಅದಕ್ಕೆ ನಾನು ಜವಾಬ್ದಾರಿ ಅಲ್ಲ ಅನ್ನುವ ಹಗುರ. ಆಗ ಮನೆಯಲ್ಲಿ ನಡೆಯುವ ಪ್ರತಿಯೊಂದಕ್ಕೂ ನಾನೇ ಜವಾಬ್ದಾರಿ. ಹ್ಯಾಮಿಲ್ಟನ್ ಸೋತ್ರೆ ನಂದು ತಪ್ಪಿಲ್ಲ.

ಆಗಸ್ಟ್ 29, ಬೆಲ್ಜಿಯಂನ ಸ್ಪಾ. ಅಲ್ಲಿ ಮಳೆ, ಇಲ್ಲೂ ಮಳೆ. 6.30ಕ್ಕೆ ಹೊರಡ್ಬೇಕಾದವರು ಸೇಫ್ಟಿ ಕಾರಿನ ಹಿಂದೆ (ಅಪಾಯ ಇರುವಾಗ ಎದುರು ಇದ್ದು ಎಲ್ಲರನ್ನೂ ನಿಧಾನ ಓಡಿಸುವ ಕಾರು ಅದು) ಸ್ವಲ್ಪ ಓಡಿ ನಿಂತ್ರು, ಮತ್ತೆ ಕಾಯುದು, ಕಾಯುದು, ರಾತ್ರಿ ಹತ್ತು ಹತ್ರ ಆಗುವಾಗ ಸೇಫ್ಟಿ ಕಾರಿನ ಹಿಂದೆಯೇ ಇನ್ನು ಮೂರು ಸುತ್ತು, ಅಷ್ಟೇ, ಅದಕ್ಕೆ ಅರ್ಧ ಪಾಯಿಂಟ್ ಕೊಟ್ರು. ಗ್ಯಾಲರಿಯಲ್ಲಿ ರೇನ್‌ಕೋಟ್ ಹಾಕ್ಕೊಂಡು ಗಂಟೆಗಟ್ಟಲೆ ಕೂತ ಜನರನ್ನು ನೋಡಿ ನಂಗೆ ಐಸಿಯು ಹೊರಗಿನ ಬೆಂಚು ನೆನಪಾಯ್ತು. ಅವರಿಗೆ ಮೋಸ ಆಯ್ತು ಅಂತ ನಾನು ಈಗಲೂ ಹೇಳ್ತೇನೆ, ಅದನ್ನು ರೇಸ್ ಅಂತ ಲೆಕ್ಕಕ್ಕೆ ಹಿಡೀಬಾರ್ದಿತ್ತು.

ಇನ್ನು ನಾನು ಬಿಟ್ಟ ರೇಸಿನ ವಿಷಯ. ಅದಕ್ಕೆ ಕಾರಣ ಅದರ ಹಿಂದಿನ ರೇಸ್, ಸೆಪ್ಟೆಂಬರ್ 12, ಮೊಂಜಾ. ಅಷ್ಟೊತ್ತಿಗೆ ಅಪ್ಪ ಹಿಡ್ಕೊಂಡು ನಿಲ್ತಿದ್ರು. ಆವತ್ತು ಅವರಿಗೆ ನಿದ್ದೆ ಬಂದಿತ್ತು, ಅಮ್ಮ ಅಂಗಡಿಗೆ ಹೋಗಿದ್ರು, ನಾನು ಸದ್ದು ಆಗ್ಬಾರ್ದು ಅಂತ ಚಾವಡಿಯಲ್ಲಿ ಇಯರ್‌ಫೋನ್ ಹಾಕ್ಕೊಂಡು ನೋಡ್ತಿದ್ದೆ, ಈ ಸಲ ಎರಡೂ ಕಿವಿಗೆ. ಹ್ಯಾಮಿಲ್ಟನ್, ವರ್ಸ್ಟಾಪನ್ ಇಬ್ಬರೂ ಒಂದೇ ತಿರುವಿಗೆ ನುಗ್ಗಿ, ವರ್ಸ್ಟಾಪನ್ ಕಾರು ಹಾರಿ ಹ್ಯಾಮಿಲ್ಟನ್ ತಲೆ ಮೇಲೆಯೇ ಕೂತಿತು. ತಲೆ ಉಳಿದದ್ದು ಹ್ಯಾಲೋದಿಂದ, ಡ್ರೈವರ್ ಸುತ್ತ ಇರುವ ಟೈಟಾನಿಯಂ ಬಳೆ ಅದು, 2018ರಲ್ಲಿ ತಂದಾಗ ಚಂದ ಇಲ್ಲ ಅಂತ ಬೈದವರಲ್ಲಿ ನಾನೂ ಒಬ್ಬಳು. 2020ರಲ್ಲಿ ಬಹರೇನಲ್ಲಿ ಗ್ರೋಜಾನ್ ಕಾರು ಎರಡು ತುಂಡಾಗಿ ಬೆಂಕಿ ಹತ್ತಿ, ಅವನು 28 ಸೆಕೆಂಡ್ ಬೆಂಕಿಯೊಳಗೆ ಇದ್ದು ಎದ್ದು ಬಂದದ್ದೂ ಅದರಿಂದಲೇ. ನಾನು ಎದೆ ಮೇಲೆ ಕೈ ಇಟ್ಕೊಂಡು ಅದರ ರಿಪ್ಲೇ ನೋಡ್ತಿದ್ದೆ. ಒಳಗೆ ಅಪ್ಪ ಒಬ್ಬರೇ ಬಾತ್‌ರೂಮಿಗೆ ಹೋಗ್ಲಿಕ್ಕೆ ಎದ್ದು ಬಿದ್ದಿದ್ರು. ಎಷ್ಟು ಹೊತ್ತು ಬಿದ್ದಿದ್ರು ಅಂತ ನಂಗೆ ಗೊತ್ತಿಲ್ಲ. ಪುನಃ ಅದೇ, ಟೈಮ್ ಗೊತ್ತಿಲ್ಲ. ಮೊಣಕೈಗೆ ಮೂರು ಹೊಲಿಗೆ.

ಸಂಬಂಧಿಕರೊಬ್ಬರು "ಕಾರು ನೋಡ್ಕೊಂಡು ಅಪ್ಪನನ್ನು ಬೀಳಿಸಿದಳು" ಅಂದ್ರು. ನಾನು ಎದುರು ಮಾತಾಡ್ಲಿಲ್ಲ, ಮಾತಾಡ್ಲಿಕ್ಕೆ ಎಂತ ಉಂಟು, ಹೌದಲ್ವಾ. ರಷ್ಯಾದ ರೇಸ್ ನೋಡ್ಲಿಲ್ಲ. ನಾರಿಸ್ ಗೆಲ್ಲುವ ಹೊತ್ತಿಗೆ ಮಳೆ ಬಂದು ಕೈತಪ್ಪಿದ್ದು, ಹ್ಯಾಮಿಲ್ಟನ್ನನ ನೂರನೇ ಗೆಲುವು, ಎಲ್ಲ ಮರುದಿನ ಓದಿದ್ದು ಅಷ್ಟೇ. ಇನ್ನು ನೋಡುದಿಲ್ಲ ಅಂತ ಮಾಡಿದ್ದೆ. ಅಕ್ಟೋಬರ್ 10ಕ್ಕೆ ಟರ್ಕಿ, ಸಂಜೆ 5.30. ನಾನು ಬಟ್ಟೆ ಮಡಚ್ತಾ ಇದ್ದೆ. ಅಪ್ಪ ಕ್ಯಾಲೆಂಡರ್ ಕಡೆ ಕೈ ತೋರಿಸಿದ್ರು, ಮತ್ತೆ ಟಿವಿ ಕಡೆ. "ಇನಿ ಉಂಡಾ?" ಅಂದ್ರು. ಇವತ್ತು ಉಂಟಾ. ಎರಡು ಶಬ್ದ ಸೇರಿಸಿ ಅವರು ಕೇಳಿದ್ದು ಆ ಏಳು ತಿಂಗಳಲ್ಲಿ ಅದೇ ಮೊದಲು. ಟಿವಿ ಹಾಕಿದೆ. ಇಯರ್‌ಫೋನ್ ಇಲ್ಲದೆ, ಅವರ ಮಂಚದಲ್ಲೇ ಕೂತು. ಆ ರೇಸಲ್ಲಿ ಓಕಾನ್ ಒಂದು ಸಲವೂ ನಿಲ್ಲದೆ ಇಡೀ ರೇಸ್ ಒಂದೇ ಸೆಟ್ ಟೈರಲ್ಲಿ ಮುಗಿಸಿದ, ಕೊನೆಗೆ ಅವನ ಟೈರ್ ತೋರಿಸಿದಾಗ ಅಪ್ಪ "ಅಯ್ಯೋ" ಅಂದ್ರು. ಟೈರ್ ಸವೆಸಿದ್ರೆ ಎಂತ ಆಗ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ನನ್ನ ಮಾವ ಒಬ್ಬರು ಮಾತ್ರ ಈ ಪ್ರಶ್ನೆ ಯಾವತ್ತೂ ಕೇಳಿದವರಲ್ಲ. ಅವರು ಕಂಬಳಕ್ಕೆ ಹೋಗುವವರು, ರಾತ್ರಿಯಿಡೀ ಗದ್ದೆ ಬದಿಯಲ್ಲಿ ನಿಂತು ಹತ್ತು ಹದಿನೈದು ಸೆಕೆಂಡಿನ ಓಟ ಒಂದಾದ ಮೇಲೆ ಒಂದು ನೋಡ್ತಾರೆ, ಅತ್ತೆ ತೀರಿಹೋದ ವರ್ಷವೂ ಹೋಗಿದ್ರು. ಅಪ್ಪನನ್ನು ನೋಡ್ಲಿಕ್ಕೆ ಬಂದವರು ಟಿವಿ ನೋಡಿ "ಯಾವ ಜೋಡಿ ಮುಂದೆ?" ಅಂತ ಕೇಳಿ ಕೂತ್ರು.

ಡಿಸೆಂಬರ್ 12, ಅಬುಧಾಬಿ. ಸೀಸನ್ನಿನ ಕೊನೇ ರೇಸ್, ಚಾಂಪಿಯನ್ ಯಾರು ಅಂತ ಅದರಲ್ಲೇ ತೀರ್ಮಾನ. 21 ರೇಸ್ ಮುಗಿದು ಹ್ಯಾಮಿಲ್ಟನ್, ವರ್ಸ್ಟಾಪನ್ ಇಬ್ಬರೂ ಸಮ, 369.5 ಪಾಯಿಂಟ್, ಆ ಅರ್ಧ ಬಂದದ್ದು ಸ್ಪಾದ ಮಳೆಯಿಂದ. ಅಪ್ಪ ವೀಲ್‌ಚೇರಲ್ಲಿ, ನಾನು ಕೆಳಗೆ, ಬಹರೇನಿಂದ ಅಣ್ಣ ವಿಡಿಯೋ ಕಾಲಲ್ಲಿ, ಅವನ ಮುಖ ಹಾಲಿನ ಡಬ್ಬಿಗೆ ಒರಗಿಸಿಟ್ಟಿದ್ದೆವು. ಅಪ್ಪ ದೀಪ ಎಣಿಸಿದ್ರು, ಈಗ ತೊದಲಿಲ್ಲ. ಹೆಚ್ಚು ಕಡಿಮೆ ಇಡೀ ರೇಸ್ ಹ್ಯಾಮಿಲ್ಟನ್ ಮುಂದೆ ಇದ್ದ. ಕೊನೆಗೆ ಐದು ಲ್ಯಾಪ್ ಇರುವಾಗ ಲತೀಫಿ ಗೋಡೆಗೆ ಹೊಡೆದ, ಸೇಫ್ಟಿ ಕಾರ್ ಬಂತು, ವರ್ಸ್ಟಾಪನ್ ಹೊಸ ಸಾಫ್ಟ್ ಟೈರ್ ಹಾಕಿಸ್ಕೊಂಡ, ಹ್ಯಾಮಿಲ್ಟನ್ ಸವೆದ ಹಾರ್ಡ್ ಟೈರಲ್ಲೇ ಉಳಿದ. ಇಬ್ಬರ ನಡುವೆ ಇದ್ದ ಐದು ಕಾರನ್ನು ಮಾತ್ರ ಮುಂದೆ ಕಳಿಸಿ ಒಂದೇ ಒಂದು ಲ್ಯಾಪಿಗೆ ರೇಸ್ ಬಿಟ್ರು. ಐದನೇ ತಿರುವಲ್ಲಿ ವರ್ಸ್ಟಾಪನ್ ಹಿಂದೆ ಹಾಕಿದ, ಅಲ್ಲಿಗೆ ಮುಗೀತು, ಅವನೇ ಚಾಂಪಿಯನ್. ನಿಯಮ ಇದ್ದದ್ದು ಹಾಗಲ್ಲ ಅಂತ ನಾನು ಇವತ್ತಿಗೂ ವಾದ ಮಾಡ್ತೇನೆ, ಅದು ಬೇರೆ ಮಾತು. ಆವತ್ತು ನಾನು ಜೋರು ಅತ್ತೆ. ಮಾರ್ಚಿನಿಂದ ಅಷ್ಟು ಜೋರು ಅತ್ತದ್ದಿಲ್ಲ, ಅಮ್ಮನ ಎದುರು ಅಳಬಾರ್ದು ಅಂತ ಇಟ್ಕೊಂಡಿದ್ದೆ. ಕಾರ್ ರೇಸಿಗೆ ಅಂದ್ರೆ ಯಾರಿಗೂ ಹೆದರಿಕೆ ಆಗುದಿಲ್ಲ ಅಲ್ವಾ, ಹಾಗಾಗಿ ಅತ್ತೆ. ಅಪ್ಪ ಮೂರು ಬೆರಳು ಎತ್ತಿದವರು ನನ್ನನ್ನು ನೋಡಿ ಕೈ ಕೆಳಗೆ ಮಾಡಿದ್ರು.

ಟಿವಿಯಲ್ಲಿ ಹ್ಯಾಮಿಲ್ಟನ್ ಕಾರಿಂದ ಇಳಿದಿದ್ದ, ಅವನ ಅಪ್ಪ ಆಂಥೊನಿ ಬಂದು ಅಪ್ಪಿ ಹಿಡ್ಕೊಂಡ್ರು. ನನ್ನ ಅಪ್ಪ ಮುಂದೆ ಬಗ್ಗಿ ನೋಡಿ "ಅಮ್ಮೆರಾ?" ಅಂದ್ರು. ತುಳುವಲ್ಲಿ ಅಮ್ಮೆರ್ ಅಂದ್ರೆ ತಂದೆ.

ನಾನು "ಅಂದ್" ಅಂದೆ. ಹೌದು ಅಂತ.

ಈಗ ಅಪ್ಪ ಕೋಲು ಹಿಡ್ಕೊಂಡು ಗೇಟಿನವರೆಗೆ ನಡೀತಾರೆ, ಮಾತು ಅರ್ಧ ಬರ್ತದೆ, ಬಲಗೈ ಬರ್ಲಿಲ್ಲ. ಕ್ಯಾಲೆಂಡರಲ್ಲಿ ರೇಸಿನ ತಾರೀಕು ಈಗ ನಾನು ಬರೆಯುದಲ್ಲ, ಅವರೇ ಎಡಗೈಯಲ್ಲಿ ಬರೀತಾರೆ, ಅಕ್ಷರ ಸೊಟ್ಟ, ಟೈಮ್ ಮಾತ್ರ ಸರಿ ಇರ್ತದೆ.